ಸೆರಗು ಜಾರದ ಅಳು

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಸಿಗುವ ಕಮಲಾಪುರವನ್ನು ಹೊರಗಿನವರು ಬಲ್ಲದ್ದು ಅಲ್ಲಿನ ಕೆಂಪು ಬಾಳೆಹಣ್ಣಿನಿಂದ. ನನಗೆ ಮಾತ್ರ ಆ ಊರೆಂದರೆ ದೊಡ್ಡವ್ವನ ಪಡಸಾಲೆ, ಅಲ್ಲಿ ಗೋಡೆಗೂಡಿನ ಪಕ್ಕ ಇಟ್ಟಿದ್ದ ಕಪ್ಪು ಬಿಳುಪಿನ ಟೀವಿ. ಕರ್ನಾಟಕದಲ್ಲಿ ದೂರದರ್ಶನ ಬೆಂಗಳೂರಿಗಿಂತ ಮೊದಲು ಕಲಬುರಗಿಗೆ ಬಂತು, 1977ರಲ್ಲಿ. ಅದರ ಪುಣ್ಯದಿಂದ ನಾವು ಹುಟ್ಟುವ ಮೊದಲೇ ಬಂದು ಹೋಗಿದ್ದ ಸಿನಿಮಾಗಳೆಲ್ಲ ಆ ಪಡಸಾಲೆಗೆ ಮತ್ತೆ ಬರತೊಡಗಿದವು. ಅಂಥ ಒಂದು ದಿನ ತೆರೆಯ ಮೇಲೆ ಪಂಢರಿಬಾಯಿ ಅಳುತ್ತಿದ್ದರು. ಓಣಿಯ ಹೆಣ್ಣುಮಕ್ಕಳೆಲ್ಲ ಕಣ್ಣೊರಸಿಕೊಳ್ಳುತ್ತಿದ್ದರು. ಶೇಂಗಾ ಸುಲಿಯುತ್ತ ಕೂತಿದ್ದ ದೊಡ್ಡವ್ವ ಹೇಳಿದಳು: "ಅಳಲಾಕತ್ಯಾಳ ಖರೇ. ಆದ್ರ ಆಕಿ ಸೆರಗ ನೋಡ ಯವ್ವಾ, ಒಂದೀಟರ ಜಾರ್ಯಾದೇನು?"

ಆಮೇಲೆ ಕನ್ನಡ ಚಿತ್ರರಂಗದ ಬಗ್ಗೆ ಬಹಳಷ್ಟು ಓದಿದೆ. ಐವತ್ತರ ದಶಕದ ಭಕ್ತಿಚಿತ್ರಗಳ ನಾಯಕಿಯನ್ನು ಕುರಿತು ಇದಕ್ಕಿಂತ ಸೂಕ್ಷ್ಮವಾದ ಮಾತು ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಚಿತ್ರಗಳನ್ನು ನಾವು ಕಣ್ಣೀರಿನ ಚಿತ್ರಗಳೆಂದು ಕರೆದು ಮುಗಿಸಿಬಿಡುತ್ತೇವೆ. ಆ ಕಣ್ಣೀರಿನ ಹಿಂದಿದ್ದ ಹಿಡಿತವನ್ನು ಗಮನಿಸಿದವರು ಕಡಿಮೆ. ಆ ಹಿಡಿತ ಎಲ್ಲಿಂದ ಬಂತು, ಚಿತ್ರರಂಗ ಅದನ್ನು ಏನು ಮಾಡಿತು ಎಂಬುದೇ ನನ್ನನ್ನು ಕಾಡುವ ವಿಷಯ.

ಪಂಢರಿಬಾಯಿ ಹುಟ್ಟಿದ್ದು ಭಟ್ಕಳದಲ್ಲಿ, 1930ರಲ್ಲಿ. ಹುಟ್ಟು ಹೆಸರು ಗೀತಾ. ತಂದೆ ಹರಿಕಥೆ ಮಾಡುತ್ತಿದ್ದವರು. ಮಗಳೂ ಚಿಕ್ಕಂದಿನಲ್ಲೇ ಚಿಟಿಕೆ ಹಿಡಿದು ಕೀರ್ತನಕ್ಕೆ ನಿಂತಳು. ಹರಿಕಥೆಯನ್ನು ಕೂತು ಕೇಳಿದವರಿಗೆ ಗೊತ್ತು, ಅಲ್ಲಿ ಅಳು ನಗು ಎಲ್ಲ ಒಬ್ಬರದೇ ಹೊಣೆ. ಸೊಸೆಯಾಗಿ ಅತ್ತ ಬಾಯಿಯೇ ಮರುಗಳಿಗೆ ಅತ್ತೆಯಾಗಿ ಗದರಬೇಕು, ಅದರ ಬೆನ್ನಿಗೇ ದಾಸರಾಗಿ ಅರ್ಥ ಬಿಡಿಸಬೇಕು. ಸೊಸೆಯ ದುಃಖದಲ್ಲಿ ಪೂರ್ತಿ ಮುಳುಗಿಬಿಟ್ಟರೆ ಅತ್ತೆಯ ಮಾತು ಹೇಳುವವರ್‍ಯಾರು? ತಾಳ ತಪ್ಪಿದರೆ ಕಥೆಯೇ ನಿಂತಿತು. ಹಾಗಾಗಿ ಕೀರ್ತನಕಾರರ ಅಳುವಿನಲ್ಲಿ ಯಾವಾಗಲೂ ಒಂದು ಕಾಲು ಅಳುವಿನ ಹೊರಗೆ ಊರಿರುತ್ತದೆ. ದೊಡ್ಡವ್ವ ಸೆರಗಿನಲ್ಲಿ ಕಂಡದ್ದು ಇದನ್ನೇ.

ಈ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಪಂಢರಿ ಎಂದರೆ ನಮ್ಮ ಸೀಮೆಯವರಿಗೆ ದೂರದ ಕ್ಷೇತ್ರವಲ್ಲ. ಪಂಢರಪುರದಲ್ಲಿ ಚಂದ್ರಭಾಗಾ ಅನ್ನಿಸಿಕೊಂಡು ಹರಿಯುವ ನೀರೇ ಕೆಳಗಿಳಿದು ಗಾಣಗಾಪುರದ ಮುಂದೆ ಭೀಮೆಯಾಗಿ ಹಾಯುತ್ತದೆ. ಕಲಬುರಗಿಯಿಂದ ಸೊಲ್ಲಾಪುರದ ರೈಲು ಹತ್ತಿ ಏಕಾದಶಿಗೆ ಹೋಗಿ ಬರುವ ಮನೆತನಗಳು ಇಲ್ಲಿ ಎಷ್ಟೋ. ಕರಾವಳಿಯ ಹುಡುಗಿ ಆ ಹೆಸರು ಹೊತ್ತು ತೆರೆಗೆ ಬಂದಾಗ ಇಲ್ಲಿನವರು ಆಕೆಯನ್ನು ನಮ್ಮ ಕಡೆಯವಳೇ ಎಂದುಕೊಂಡಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ. ದೊಡ್ಡವ್ವ ಕಡೆತನಕ ಹಾಗೇ ನಂಬಿದ್ದಳು.

ಪಂಢರಿಬಾಯಿ ಸಿನಿಮಾಕ್ಕೆ ಬಂದದ್ದು 1943ರ 'ವಾಣಿ'ಯಿಂದ, ಹದಿಮೂರರ ಪ್ರಾಯದಲ್ಲಿ. 1952ರಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ, ತಮಿಳಿನ 'ಪರಾಶಕ್ತಿ'ಗೆ ಆಕೆಯೇ ನಾಯಕಿ. ಎರಡು ವರ್ಷದ ಮೇಲೆ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಮೊದಲ ಸಲ ನಾಯಕರಾದಾಗ ಎದುರು ನಿಂತದ್ದೂ ಆಕೆಯೇ. ಎರಡು ಭಾಷೆಯ ಇಬ್ಬರು ಮಹಾನಟರು ನಾಯಕರಾಗಿ ಕಣ್ಣು ಬಿಟ್ಟದ್ದು ಒಬ್ಬಳೇ ನಟಿಯ ಎದುರಿಗೆ. ಅವರ ಚರಿತ್ರೆಯಲ್ಲಿ ಇದು ಒಂದು ಸಾಲಾಗಿ ಬರುತ್ತದೆ. ಆಕೆಯ ಚರಿತ್ರೆಯನ್ನು ಬರೆಯುವಾಗ ಇಲ್ಲಿಂದಲೇ ಶುರು ಮಾಡಬೇಕು. 'ಬೇಡರ ಕಣ್ಣಪ್ಪ'ದ ಹೊತ್ತಿಗೆ ರಾಜ್‌ಕುಮಾರ್ ಕ್ಯಾಮೆರಾಕ್ಕೆ ಹೆಚ್ಚುಕಡಿಮೆ ಹೊಸಬರು, ಪಂಢರಿಬಾಯಿಗೆ ಹನ್ನೊಂದು ವರ್ಷದ ಪಳಗಿದ ಕಣ್ಣಿತ್ತು.

ಆ ಚಿತ್ರ ಬಂದಾಗ ಕಲಬುರಗಿ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಿಜಾಮರ ಆಳಿಕೆಯಲ್ಲಿ ಕಚೇರಿ, ಕೋರ್ಟು, ಶಾಲೆ ಎಲ್ಲ ಉರ್ದುವಿನಲ್ಲಿ ನಡೆದಿದ್ದವು. ಕನ್ನಡ ಉಳಿದಿದ್ದದ್ದು ಅಡುಗೆಮನೆಯಲ್ಲಿ, ಹೊಲದಲ್ಲಿ, ಭಜನೆಯಲ್ಲಿ. ಅಕ್ಷರ ಕಲಿಯದ ನನ್ನ ದೊಡ್ಡವ್ವನಂಥ ಹೆಣ್ಣುಮಕ್ಕಳ ಕಿವಿಗೆ 'ಪುಸ್ತಕದ ಕನ್ನಡ' ಮೊದಲು ಬಿದ್ದದ್ದು ಟಾಕೀಸಿನ ಕತ್ತಲಲ್ಲಿ. ಅದನ್ನು ಆಡಿದ ಹೆಣ್ಣುದನಿಗಳಲ್ಲಿ ಪಂಢರಿಬಾಯಿಯದು ಮುಂಚೂಣಿಯದು. ಆಕೆಯ ಉಚ್ಚಾರ ಸ್ಪಷ್ಟ, ಸಾಲಿನ ಕೊನೆಯ ಸ್ವರ ನುಂಗದೆ ಹೇಳುವ ಕೀರ್ತನದ ರೂಢಿ. ಕಂಪನಿ ನಾಟಕದ ಏರುದನಿಯೂ ಅದಲ್ಲ, ಮನೆಮಾತೂ ಅಲ್ಲ. ನಮ್ಮ ಕಡೆ ಹೆಂಗಸರು ಅದನ್ನು 'ಸುದ್ದ ಮಾತು' ಅನ್ನುತ್ತಿದ್ದರು. ಆ ಮಾತಿನಲ್ಲಿ ಮೆಚ್ಚುಗೆ ಇತ್ತು, ಒಂದಿಷ್ಟು ದೂರವೂ ಇತ್ತು.

ಆ ದೂರವೇ ಈ ಪರಂಪರೆಯ ದೊಡ್ಡ ಕೊರತೆ. 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ರಂಗದಿಂದ ಇಳಿದು ಬಂದ ಕಥೆ, ಮಾತು ಜಿ.ವಿ. ಅಯ್ಯರ್ ಅವರದು. ಬೇಡ ನಾಯಕರು ಆಳಿದ ಸುರಪುರ ನಮ್ಮ ಹಳೆಯ ಜಿಲ್ಲೆಯೊಳಗೇ ಇತ್ತು. ಬೇಡರ ಹೆಣ್ಣುಮಗಳು ಹೇಗೆ ನಡೆಯುತ್ತಾಳೆ, ಸಿಟ್ಟು ಬಂದರೆ ಹೇಗೆ ಮಾತಾಡುತ್ತಾಳೆ ಎಂದು ಸಂತೆಯಲ್ಲಿ ನೋಡಿ ಬಲ್ಲವರು ಇಲ್ಲಿನ ಪ್ರೇಕ್ಷಕರು. ತೆರೆಯ ಮೇಲೆ ಪಂಢರಿಬಾಯಿ ಆಡಿದ ನೀಲ, ಕಣ್ಣಪ್ಪನ ಹೆಂಡತಿ, ಆ ಹೆಣ್ಣಲ್ಲ. ಉಡುಗೆ ಕಾಡಿನದು, ಮಾತು ಮತ್ತು ಮರ್ಯಾದೆ ಅಗ್ರಹಾರದ್ದು. ಪೂಜಾರಿಯ ಮಡಿಯನ್ನು ಪ್ರಶ್ನಿಸುವ ಕಥೆ ತನ್ನ ನಾಯಕಿಯನ್ನು ಮಾತ್ರ ಮಡಿಯಲ್ಲೇ ಇಟ್ಟುಕೊಂಡಿತು. ಇದು ನಟಿಯೊಬ್ಬಳ ತಪ್ಪಲ್ಲ. ಭಕ್ತಿಚಿತ್ರಗಳ ಇಡೀ ಕಮ್ಮಟದಲ್ಲಿ ಒಳ್ಳೆಯ ಹೆಣ್ಣಿಗೆ ಇದ್ದದ್ದು ಒಂದೇ ಅಚ್ಚು. ಬೇಡತಿಯಾಗಲಿ, ಗೌಡತಿಯಾಗಲಿ, ಭಕ್ತೆಯಾಗಲಿ ಅದರಲ್ಲೇ ಎರಕ ಹೊಯ್ಯುತ್ತಿದ್ದರು. ಆದರೂ ಆ ಅಚ್ಚಿನೊಳಗೆ ಪಂಢರಿಬಾಯಿ ನೋಟವನ್ನು ತನಗೆ ಬೇಕಾದಲ್ಲಿ ನಿಲ್ಲಿಸುತ್ತಾರೆ. ಎದುರಿನವರು ಮಾತಾಡುವಾಗ ಅವರು ಕೇಳಿಸಿಕೊಳ್ಳುವ ರೀತಿ ನೋಡಬೇಕು. ತುಟಿ ಅಲುಗದು, ರೆಪ್ಪೆ ಮಾತ್ರ ತುಸು ತಡವಾಗಿ ಇಳಿಯುತ್ತದೆ.

ಉತ್ತರ ಕರ್ನಾಟಕದಿಂದ ಬೇರೊಂದು ಸಾಲೂ ಹೊರಟಿತ್ತು. ಹುಬ್ಬಳ್ಳಿ ಕಡೆಯ ಶಾಂತಾ ಹುಬಳೀಕರ್, ವಿಜಾಪುರ ಸೀಮೆಯ ಅಮೀರಬಾಯಿ ಕರ್ನಾಟಕಿ ಹಾಡಿನ ಬಲದ ಮೇಲೆ ಪುಣೆ, ಮುಂಬಯಿ ಸೇರಿದರು. 1939ರ 'ಮಾಣೂಸ್' ಚಿತ್ರದ ಶಾಂತಾ ಹುಬಳೀಕರ್ ಬೀದಿಯ ಹೆಣ್ಣಾಗಿ ತೋರಿದ ತುಂಟತನ, ಮೈಯ ಸಲೀಸು ಕನ್ನಡದ ಭಕ್ತಿಚಿತ್ರಗಳಲ್ಲಿ ಹುಡುಕಿದರೂ ಸಿಗದು. ಆ ಸಾಲು ಕನ್ನಡದಲ್ಲೇ ಬೇರೂರಿದ್ದರೆ ನಮ್ಮ ನಾಯಕಿಯರಿಗೆ ನಗಲೂ ಬರುತ್ತಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಪಂಢರಿಬಾಯಿಯ ಮನಸ್ಸಿಗೆ ತೀರ ಹತ್ತಿರವಾದ ಚಿತ್ರ 'ಸಂತ ಸಖು' ಇರಬೇಕೆಂದು ನನ್ನ ಊಹೆ. 1955ರ ಆ ಚಿತ್ರ ಆಕೆಯದೇ ನಿರ್ಮಾಣ. ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಕರ್‍ಹಾಡದ ಸೊಸೆ ಸಖು ಪಂಢರಪುರಕ್ಕೆ ಹೋಗುತ್ತೇನೆಂದಾಗ ಅತ್ತೆ ಕಟ್ಟಿಹಾಕುತ್ತಾಳೆ. ವಿಠಲನೇ ಬಂದು ಹಗ್ಗ ಬಿಚ್ಚಿ, ಅವಳ ರೂಪದಲ್ಲಿ ಅವಳ ಮನೆಗೆಲಸಕ್ಕೆ ನಿಲ್ಲುತ್ತಾನೆ. ಅವಳು ಯಾತ್ರೆಗೆ ಹೋಗುತ್ತಾಳೆ. ಭಕ್ತಿಯ ಮೇಲುಹೊದಿಕೆ ಸರಿಸಿದರೆ ಉಳಿಯುವುದೇನು? ಹೆಣ್ಣಿಗೆ ರಜೆ. ಗಂಡುದೇವರು ಸೀರೆಯುಟ್ಟು ನೀರು ಸೇದಿ, ಕಸ ಹೊಡೆದು, ಬೀಸುವ ಕಲ್ಲಿನ ಮುಂದೆ ಕೂರುವ ಕಥೆ ಇಷ್ಟು ಧೈರ್ಯವಾಗಿ ನಮ್ಮ ಸಾಮಾಜಿಕ ಚಿತ್ರಗಳಲ್ಲಿ ಎಲ್ಲಿದೆ? ಸಖು ಕೊನೆಗೆ ಅದೇ ಮನೆಗೆ ಮರಳುತ್ತಾಳೆ ಎಂಬುದೂ ನಿಜ. ಎರಡು ವರ್ಷದ ನಂತರ, 1957ರಲ್ಲಿ, ಅವರೇ ನಿರ್ಮಿಸಿದ ಸಾಮಾಜಿಕ ಚಿತ್ರದ ಹೆಸರು 'ರಾಯರ ಸೊಸೆ'. ದೇವರು ಹೋದ, ಸೊಸೆ ಉಳಿದಳು. ಭಕ್ತಿಚಿತ್ರದಲ್ಲಿ ಪವಾಡಕ್ಕಾದರೂ ತೆರೆದಿದ್ದ ಬಾಗಿಲು ಸಂಸಾರದ ಚಿತ್ರದಲ್ಲಿ ಮುಚ್ಚಿಕೊಂಡಿತು.

ನಿರ್ಮಾಣಕ್ಕೆ ಇಳಿದವರಲ್ಲಿ ಆಕೆ ಮೊದಲಿಗಳಲ್ಲ. ನಟಿ ಎಂ.ವಿ. ರಾಜಮ್ಮ 1943ರಲ್ಲೇ 'ರಾಧಾರಮಣ'ಕ್ಕೆ ಬಂಡವಾಳ ಹೂಡಿದ್ದರು. ಅವರ ಬೆನ್ನಿಗೆ ಇಪ್ಪತ್ತೈದರ ಪಂಢರಿಬಾಯಿ. ತೆರೆಯ ಮೇಲೆ ಮಾವನೆದುರು ತಲೆ ಎತ್ತದ ಹೆಣ್ಣು, ತೆರೆಯ ಹಿಂದೆ ಲೆಕ್ಕದ ಪುಸ್ತಕ ಹಿಡಿದು ಗಂಡಸರಿಗೆ ಸಂಬಳ ಬಟವಾಡೆ ಮಾಡುತ್ತಿದ್ದಳು. ನಮ್ಮ ವಿಮರ್ಶೆ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಲೇ ಇಲ್ಲ. ಆಕೆಯನ್ನು 'ತ್ಯಾಗಮಯಿ' ಎಂದು ಕೊಂಡಾಡಿ, ನಿರ್ಮಾಪಕಿಯನ್ನು ಅಡಿಟಿಪ್ಪಣಿಗೆ ನೂಕಿತು. ಇದರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮುಂದಿನದು ಬೇಗ ನಡೆದುಹೋಯಿತು. ನಾಯಕಿ ಅಕ್ಕನಾದಳು, ಅತ್ತಿಗೆಯಾದಳು, ತಾಯಿಯಾದಳು. 1967ರ 'ಬೆಳ್ಳಿಮೋಡ'ದಲ್ಲಿ ಪಂಢರಿಬಾಯಿಗೆ ಮೂವತ್ತೇಳು, ಕಲ್ಪನಾಗೆ ತಾಯಿ. ತ್ರಿವೇಣಿಯವರ ಕಥೆ ತಿರುಗುವುದೇ ಆ ತಾಯಿಗೆ ತಡವಾಗಿ ಆಗುವ ಹೆರಿಗೆಯ ಮೇಲೆ. ಒಂದೇ ಚೌಕಟ್ಟಿನಲ್ಲಿ ಎರಡು ಕಾಲದ ನಟನೆ ಅಲ್ಲಿ ಎದುರುಬದುರು ಕೂತಿದೆ. ಕಲ್ಪನಾಳ ದುಃಖಕ್ಕೆ ಬೆರಳತುದಿಯವರೆಗೂ ನಡುಕವಿದೆ; ನಿರ್ದೇಶಕ ಪುಟ್ಟಣ್ಣ ಕಣಗಾಲರಿಗೆ ಬೇಕಿದ್ದದ್ದು ಅದೇ. ತಾಯಿಯದು ಉಸಿರು ಕಟ್ಟಿದ ನಿಲುಗಡೆ. ಕನ್ನಡ ಚಿತ್ರ ಆ ಹೊತ್ತಿಗೆ ನಡುಕದ ಕಡೆ ಒಲಿದಾಗಿತ್ತು. ಆ ಒಲವಿನಿಂದ ಹೆಣ್ಣಿನ ಸಿಟ್ಟಿಗೆ ಬಾಯಿ ಬಂತು ಎಂಬುದನ್ನು ಒಪ್ಪುತ್ತೇನೆ. ಕೇಳಿಸಿಕೊಳ್ಳುವ ನಟನೆ ಮಾತ್ರ ಅಲ್ಲಿಂದಾಚೆ ತೆಳುವಾಗುತ್ತ ಹೋಯಿತು. 1986ರ 'ಅನುರಾಗ ಅರಳಿತು'ವಿನಲ್ಲಿ ಆಕೆ ರಾಜ್‌ಕುಮಾರ್ ಅವರ ತಾಯಿ. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ, ಆಕೆಗಿಂತ ಒಂದು ವರ್ಷ ಮೊದಲು. ಕಣ್ಣಪ್ಪನ ನೀಲ ಮೂವತ್ತೆರಡು ವರ್ಷದಲ್ಲಿ ಕಣ್ಣಪ್ಪನಿಗೇ ಅವ್ವನಾದಳು, ಅವನು ನಾಯಕನಾಗಿಯೇ ಉಳಿದ. ಹರಿಕಥೆಯಲ್ಲಿ ಯಾವ ವಯಸ್ಸಿನ ಹೆಣ್ಣೂ ಹದಿನಾರರ ರುಕ್ಮಿಣಿಯಾಗಬಹುದಿತ್ತು, ಎಂಬತ್ತರ ಕುಂತಿಯೂ ಆಗಬಹುದಿತ್ತು. ಸಿನಿಮಾ ಆಕೆಯಿಂದ ಅಳುವನ್ನು ತೆಗೆದುಕೊಂಡಿತು, ಕಥೆ ಹೇಳುವ ಅಧಿಕಾರವನ್ನು ತೆಗೆದುಕೊಳ್ಳಲಿಲ್ಲ. 2003ರ ಜನವರಿ 29ರಂದು ಪಂಢರಿಬಾಯಿ ಚೆನ್ನೈನಲ್ಲಿ ತೀರಿಕೊಂಡರು.

ದೊಡ್ಡವ್ವ ಮದುವೆಯಾದ ಹೊಸದರಲ್ಲಿ ಚಕ್ಕಡಿ ಕಟ್ಟಿಸಿಕೊಂಡು ಹೋಗಿ 'ಸಂತ ಸಖು' ನೋಡಿ ಬಂದಿದ್ದಳಂತೆ, ಒಂದೇ ಒಂದು ಸಲ. ಆಮೇಲೆ ಅದನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ನಾವು ಮಕ್ಕಳು ಬಾಳೆಹಣ್ಣಿನ ಕೆಂಪು ಸಿಪ್ಪೆ ಸುಲಿಯುತ್ತ ಸುತ್ತ ಕೂತರೆ ಶುರುವಾಗುತ್ತಿತ್ತು. ಅತ್ತೆಯ ದನಿ ಗಡಸು, ಸಖುವಿನದು ಮೆತ್ತಗೆ, ವಿಠಲನದು ಸ್ವಲ್ಪ ಗಾಬರಿ, ಪಾಪ ಹೊಸ ಕೆಲಸ. ಸುದ್ದ ಮಾತು ಒಂದೂ ಉಳಿದಿರಲಿಲ್ಲ. "ವಿಠ್ಠಲ ಬೀಸೂ ಕಲ್ಲಿನ ಮುಂದ ಕುಂತ, ಜ್ವಾಳಾ ಹಾಕಿದ, ಗೂಟಾ ಹಿಡದ," ಎಂದು ಕೈ ತಿರುಗಿಸುತ್ತಿದ್ದಳು. "ಎರಡ ಸುತ್ತಿಗೇ ರಟ್ಟಿ ಸೋತು ಬಂದೂವು. ಹ್ಞಾಂ, ಈಗ ತಿಳೀತೇನಪಾ ಅಂದಳು ರುಕ್ಮಾಯಿ."