ಊರಿಗೆ ಬಂದದ್ದು ನೀರಿಗೆ ಬರಲಿಲ್ಲ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಐಮಂಗಲ ಸಿಗುತ್ತದೆ. ಹೋಬಳಿ ಕೇಂದ್ರ, ಪೊಲೀಸ್ ತರಬೇತಿ ಶಾಲೆಯಿಂದಾಗಿ ಹೊರಜಿಲ್ಲೆಯವರಿಗೂ ಪರಿಚಿತವಾದ ಊರು. ಬೆಂಗಳೂರು, ಪುಣೆಗಳ ನಡುವಿನ ದಾರಿಯಲ್ಲಿ ಕೂತ ಇಂಥ ಊರಿಗೆ ಇಂಟರ್ನೆಟ್ ಬಂದಿಲ್ಲ ಎನ್ನುವಂತಿಲ್ಲ. ಈ ಸೀಮೆಯ ಮನೆಗಳಲ್ಲಿ ಕೇಳುವ ದೂರೇ ಬೇರೆ: "ವೈಫೈ ಹಾಕ್ಸೀವಿ, ಪಡಸಾಲ್ಯಾಗೆ ಬರ್ತೈತೆ, ಒಳಗೋದ್ರೆ ಸುತ್ತುತ್ತಾ ಕೂರ್ತೈತೆ."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತದೆ ಗಾದೆ. ಇಂಟರ್ನೆಟ್ಟಿನ ವಿಷಯದಲ್ಲಿ ಸರ್ಕಾರವೂ ನಾವೂ ಈ ಗಾದೆಯನ್ನು ನಂಬಿ ಕೆಟ್ಟೆವು.

ಮೊದಲು ಸರ್ಕಾರದ ಪಾಲು ನೋಡೋಣ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್ ಸಂಪರ್ಕ, ಅಂದಾಜು ವೆಚ್ಚ 20,000 ಕೋಟಿ ರೂಪಾಯಿ, ಎರಡು ವರ್ಷದ ಗಡುವು. ಗಡುವು ಜಾರಿತು, ಹೆಸರು ಭಾರತ್‌ನೆಟ್ ಎಂದಾಯಿತು, ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿಯುವಷ್ಟರಲ್ಲಿ 2017 ಕಳೆಯಿತು. ಹಾಗೆಂದು ಕೆಲಸವನ್ನು ಹೀಗಳೆಯುವಂತಿಲ್ಲ. ಲಾಭ ನೋಡುವ ಕಂಪನಿಗಳು ಒಣಬೇಸಾಯದ ಹಳ್ಳಿಗಳಿಗಾಗಿ ಇಷ್ಟು ದೂರ ನೆಲ ಅಗೆಯುತ್ತಿರಲಿಲ್ಲ.

ದೋಷವಿದ್ದದ್ದು ಕಲ್ಪನೆಯಲ್ಲಿ. ಮೊದಲ ಹಂತದ ಎಳೆ ತಾಲ್ಲೂಕು ಕೇಂದ್ರದಿಂದ ಹೊರಟು ಮರದ ಕೊಂಬೆಗಳಂತೆ ಕವಲೊಡೆದು ಪಂಚಾಯಿತಿಗಳನ್ನು ಮುಟ್ಟುತ್ತದೆ. ರಸ್ತೆ ಅಗಲ ಮಾಡುವಾಗಲೋ ನೀರಿನ ಪೈಪಿಗೆ ಗುಂಡಿ ತೋಡುವಾಗಲೋ ಜೆಸಿಬಿಯ ಹಲ್ಲು ತಾಗಿತೆಂದರೆ ಅಲ್ಲಿಂದಾಚೆಗೆ ಎಲ್ಲ ಬಂದ್. ಸುತ್ತಿ ಬರುವ ಎರಡನೇ ದಾರಿಯಿಲ್ಲ. ಪಂಚಾಯಿತಿ ಕಟ್ಟಡದವರೆಗೆ ಬಂದ ಎಳೆಯನ್ನು ಮನೆಗಳಿಗೆ ಒಯ್ಯುವವರಾರು, ಕಡಿದರೆ ಜೋಡಿಸುವವರಾರು ಎಂಬುದಕ್ಕೆ ಗಟ್ಟಿ ಉತ್ತರವಿರಲಿಲ್ಲ. ಹೂತ ಕಿಲೋಮೀಟರುಗಳ, ಮುಟ್ಟಿದ ಕಟ್ಟಡಗಳ ಲೆಕ್ಕ ಮಾತ್ರ ಬೆಳೆಯಿತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆಗೆ ಸುಮಾರು 1.39 ಲಕ್ಷ ಕೋಟಿ ರೂಪಾಯಿ. ಎಳೆಯನ್ನು ಉಂಗುರದಂತೆ ಸುತ್ತಿಸುವುದು, ಹತ್ತು ವರ್ಷದ ನಿರ್ವಹಣೆಯನ್ನು ಗುತ್ತಿಗೆಯಲ್ಲೇ ಸೇರಿಸುವುದು, ಊರಿನ ಉದ್ಯಮಿಗಳ ಮೂಲಕ ಒಂದೂವರೆ ಕೋಟಿ ಮನೆಗಳಿಗೆ ಸಂಪರ್ಕ ಕೊಡಿಸುವುದು ಅದರ ಗುರಿ. ಒಳ್ಳೆಯದೇ, ಹನ್ನೆರಡು ವರ್ಷ ತಡವಾಗಿ ಬರೆದ ತಪ್ಪೊಪ್ಪಿಗೆಯೂ ಹೌದು.

ಹಿರಿಯೂರು ಸೀಮೆಗೆ ಈ ಪಾಠ ಹೊಸದಲ್ಲ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ಜನ ಜಾತ್ರೆಗೆ ಹೋದಂತೆ ನೋಡಲು ಹೋದರು. ಆದರೆ ಕಾಲುವೆಯ ಕೊನೆಯ ಹೊಲದವನು ಕೋಡಿ ನೋಡಿ ಬಿತ್ತುವುದಿಲ್ಲ, ತನ್ನ ಬದುವಿಗೆ ನೀರು ಹತ್ತಿತೇ ಎಂದು ನೋಡಿ ಬಿತ್ತುತ್ತಾನೆ.

ನಮ್ಮ ಪಾಲಿನ ತಪ್ಪು ಇದರ ಚಿಕ್ಕ ಪ್ರತಿ. ಸಂಪರ್ಕ ಕೊಡಲು ಬಂದ ಹುಡುಗ ಗೋಡೆಯಲ್ಲಿ ಎಲ್ಲಿ ತೂತು ಕೊರೆದನೋ ಅಲ್ಲೇ ರೌಟರ್ ಕೂರುತ್ತದೆ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ಧೂಳು ಕೂರದಿರಲೆಂದು ಮೇಲೊಂದು ಬಟ್ಟೆ. ಒಳಮನೆಯಲ್ಲಿ ನಿಧಾನವೆಂದರೆ ಪ್ಲಾನನ್ನು 50ರಿಂದ 100ಕ್ಕೆ ಏರಿಸುತ್ತೇವೆ. ತಿಂಗಳ ಬಿಲ್ಲು ಏರುತ್ತದೆ, ಒಳಮನೆ ಹಾಗೆಯೇ ಇರುತ್ತದೆ. ಬೀರುವಿನ ತಗಡು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರಿನ ಡ್ರಮ್ಮು ಹೀರುತ್ತದೆ, ಹಳೆಯ ಮನೆಗಳ ದಪ್ಪ ಕಲ್ಲುಗೋಡೆ ಉಳಿದದ್ದನ್ನು ನುಂಗುತ್ತದೆ. ದುಡ್ಡು ಕೊಟ್ಟರೆ ಇವು ದಾರಿ ಬಿಡುವುದಿಲ್ಲ.

ಹಾಗಾದರೆ ತಪ್ಪು ಹೊರಗಿನದೋ ಒಳಗಿನದೋ? ರೌಟರಿನಿಂದ ನಾಲ್ಕು ಅಡಿ ದೂರ ನಿಂತು ಮೊಬೈಲಿನಲ್ಲಿ ವೇಗ ಅಳೆಯಿರಿ, ಆಮೇಲೆ ಅಡುಗೆಮನೆಯಲ್ಲಿ ಅಳೆಯಿರಿ. ಮೊದಲ ಅಳತೆ ಚೆನ್ನಾಗಿದ್ದು ಎರಡನೆಯದು ಕುಸಿದರೆ ರೋಗ ಮನೆಯೊಳಗಿದೆ. ಎರಡೂ ಕಡೆ ಕುಸಿದಿದ್ದರೆ, ಅಥವಾ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗುತ್ತಿದ್ದರೆ, ಕಂಪನಿಗೆ ಫೋನ್ ಮಾಡಬೇಕು. ರೋಗ ಒಳಗಿದ್ದರೆ ಮದ್ದು ಅಗ್ಗದ್ದೇ: ರೌಟರನ್ನು ಮನೆಯ ನಡುವಿಗೆ, ಎದೆಯೆತ್ತರಕ್ಕೆ ತನ್ನಿ. ಅದಕ್ಕೆ ಬೇಕಾದದ್ದು ಕೆಲವು ಮೀಟರ್ ತಂತಿ. ಫೈಬರ್ ತಂತಿಯನ್ನು ಮಾತ್ರ ಮೂಲೆಯಲ್ಲಿ ಮಡಚಬೇಡಿ. ಬಿಗಿಯಾಗಿ ಬಾಗಿದಲ್ಲಿ ಬೆಳಕು ಸೋರಿಹೋಗುತ್ತದೆ. 5 ಗಿಗಾಹರ್ಟ್ಸ್ ಅಲೆಯದು ಒಂದೇ ಕೋಣೆಯ ಓಟ, ಗೋಡೆ ದಾಟಲು 2.4 ವಾಸಿ. ಅಂಗಡಿಯವರು ಕೊಡುವ ಅಗ್ಗದ ಎಕ್ಸ್‌ಟೆಂಡರ್ ಒಂದೇ ಅಲೆಯಲ್ಲಿ ಕೇಳಿ ಅದರಲ್ಲೇ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಎರಡನೇ ರೌಟರಿಗೆ ತಂತಿ ಎಳೆದರೆ ಆ ನಷ್ಟವಿಲ್ಲ. ಕರೆಂಟು ಕೈಕೊಡುವ ಊರಿನಲ್ಲಿ ರೌಟರಿಗೊಂದು ಪುಟ್ಟ ಯುಪಿಎಸ್ ದೊಡ್ಡ ಪ್ಲಾನಿಗಿಂತ ಹೆಚ್ಚು ಬಾಳುತ್ತದೆ.

ಪ್ಲಾನಿನ ಅಂಕಿಯೂ ನಾವಂದುಕೊಂಡದ್ದಲ್ಲ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಅದೂ ಎಲ್ಲ ಸರಿಯಿದ್ದಾಗ. ಇನ್ನೊಂದೆಡೆ, 2023ರ ಜನವರಿಯವರೆಗೆ ನಮ್ಮ ಸರ್ಕಾರದ ವ್ಯಾಖ್ಯೆಯಲ್ಲಿ 512 ಕೆಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ; ಈಗ ಕನಿಷ್ಠ 2 ಎಂಬಿಪಿಎಸ್. ಜಾಹೀರಾತು ಹೇಳುವುದು ಗರಿಷ್ಠ, ಕಾನೂನು ಕೇಳುವುದು ಕನಿಷ್ಠ. ಮನೆಯವರು ಬದುಕುವುದು ಇವೆರಡರ ನಡುವೆ.

ಭಾರತ್‌ನೆಟ್ಟಿಗಾಗಲೀ ಮನೆಯ ವೈಫೈಗಾಗಲೀ ಅಳತೆಗೋಲು ಒಂದೇ ಇರಲಿ: ಸಂಜೆ ಎಂಟಕ್ಕೆ, ಎಲ್ಲರೂ ಮನೆಯಲ್ಲಿದ್ದಾಗ, ಹಿಂದಿನ ಕೋಣೆಯಲ್ಲಿ ಓದುವ ಹುಡುಗಿಯ ಪಾಠ ನಿಲ್ಲದೆ ಓಡಿತೇ? ಓಡಿದರೆ ಊರಿಗೆ ಬಂದವಳು ನೀರಿಗೆ ಬಂದಂತೆ. ಅಲ್ಲಿಯವರೆಗೆ ಊರಬಾಗಿಲ ಮೆರವಣಿಗೆ ಬೇಡ.