ಕೇಳಿದವರೋ, ಬಡಿಸಿದವರೋ?

ನಮ್ಮ ಹರವೆ ಕಡೆಯ ಹೆಂಗಸರಿಗೆ ವೋಲ್ಟೇಜ್ ಎಂಬ ಮಾತು ಹೊಸದಲ್ಲ. ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ಫ್ಯಾನು ಮುದುಕಿಯ ಹಾಗೆ ತೆವಳುತ್ತದೆ. ಫ್ರಿಜ್ಜಿನ ಹಿಂದೆಯೇ ಸ್ಟೆಬಿಲೈಸರೂ ಮನೆಗೆ ಬರುತ್ತದೆ. ಏನಾದರೂ ಸುಟ್ಟರೆ ಬೈಯುವುದು ಕರೆಂಟಿನವರನ್ನು. ಆದರೆ ಸಾವಿರಾರು ರೂಪಾಯಿ ಸುರಿದು ತಂದ ಕಂಪ್ಯೂಟರು, ತಯಾರಿಸಿದವರೇ ಒಳಗೆ ಇಟ್ಟುಕೊಟ್ಟ ಹೆಚ್ಚು ವೋಲ್ಟೇಜಿನಿಂದ ಕೆಟ್ಟರೆ ಯಾರನ್ನು ಬೈಯಬೇಕು?

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗಳಿಗೆ ಅರಿಸಿನ ಮಾರಿದ ದುಡ್ಡಿನಲ್ಲಿ ಕಂಪ್ಯೂಟರು ಕೊಡಿಸುವುದೆಂದು ಆಗಿತ್ತು. "ದೊಡ್ಡವ್ವ, ಇಂಟೆಲ್ಲೋ ಎಎಂಡಿಯೋ ಓದಿ ನೀನೇ ಹೇಳು" ಎಂದು ಒಂದು ರಾಶಿ ವಿಮರ್ಶೆಗಳನ್ನು ನನ್ನ ಮುಂದಿಟ್ಟಳು. ಓದಿದೆ. ಬಹುಪಾಲು ವೇಗದ ಪಟ್ಟಿಗಳೇ. ಮಗು ನೂರಕ್ಕೆ ತೊಂಬತ್ತು ತೆಗೆದ ಸುದ್ದಿ ಇದೆ, ಅದಕ್ಕಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟಿತು ಎಂಬುದಿಲ್ಲ.

ಮಿಕ್ಸಿಗೆ ಅದರದೇ ಜಾರು ಹೊಂದುವ ಹಾಗೆ ಪ್ರೊಸೆಸರಿಗೂ ಅದರದೇ ಮದರ್‌ಬೋರ್ಡು. ಒಂದನ್ನು ಆರಿಸಿದರೆ ಇನ್ನೊಂದೂ ನಿಶ್ಚಯವಾದಂತೆ. ಗೋಡೆಯ 230 ವೋಲ್ಟು ಪವರ್ ಸಪ್ಲೈ ಪೆಟ್ಟಿಗೆಯಲ್ಲಿ 12ಕ್ಕೆ ಇಳಿದು, ಮದರ್‌ಬೋರ್ಡಿನಲ್ಲಿ ಮತ್ತೆ ಇಳಿದು, ಪ್ರೊಸೆಸರಿಗೆ ಮುಟ್ಟುವಾಗ ಒಂದು ವೋಲ್ಟಿನ ಆಸುಪಾಸಿಗೆ ಬಂದಿರುತ್ತದೆ. ಎಷ್ಟು ಬೇಕೆಂದು ಪ್ರೊಸೆಸರು ಕೇಳುತ್ತದೆ, ಮದರ್‌ಬೋರ್ಡು ಬಡಿಸುತ್ತದೆ. ಊಟದ ಪಂಕ್ತಿಯಂತೆಯೇ ಎನ್ನಿ.

2023ರ ಏಪ್ರಿಲಿನಲ್ಲಿ ಎಎಂಡಿಯ ಕೆಲವು ರೈಜೆನ್ 7000 ಪ್ರೊಸೆಸರುಗಳು, ಅದರಲ್ಲೂ 7800 ಎಕ್ಸ್3ಡಿ, ಕೂತ ಜಾಗದಲ್ಲೇ ಸುಟ್ಟ ಸುದ್ದಿ ಬಂತು. ಮೆಮೊರಿಯ ವೇಗ ಹೆಚ್ಚಿಸುವ ಆಯ್ಕೆ ಒತ್ತಿದರೆ ಕೆಲವು ಮದರ್‌ಬೋರ್ಡುಗಳು ಎಸ್‌ಓಸಿ ಎಂಬ ಭಾಗಕ್ಕೆ ಮಿತಿಮೀರಿ ಬಡಿಸುತ್ತಿದ್ದವು. ಎಎಂಡಿ 1.3 ವೋಲ್ಟಿನ ಗೆರೆ ಎಳೆಯಿತು.

ಮಾರನೆಯ ವರ್ಷ ಇಂಟೆಲ್ಲಿನ ಸರದಿ. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ತಡವರಿಸಿ ನಿಲ್ಲತೊಡಗಿದವು. ಕಂಪನಿ ಮೊದಲು ಬೆರಳು ತೋರಿಸಿದ್ದು ಮದರ್‌ಬೋರ್ಡಿನವರ ಸೆಟ್ಟಿಂಗುಗಳ ಕಡೆಗೆ. 2024ರ ಜುಲೈನಲ್ಲಿ, ತನ್ನದೇ ಮೈಕ್ರೋಕೋಡು ತಪ್ಪಾಗಿ ಹೆಚ್ಚು ವೋಲ್ಟು ಕೇಳುತ್ತಿತ್ತೆಂದು ಒಪ್ಪಿತು. ಆಗಸ್ಟಿನಲ್ಲಿ 1.55 ವೋಲ್ಟಿನ ಮಿತಿ ಹಾಕಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ವಾರಂಟಿಯ ವಿಷಯದಲ್ಲಿ ಮೆಚ್ಚಬೇಕಾದ್ದೇ. ಆದರೆ ಆಗಲೇ ಸವೆದುಹೋದ ಪ್ರೊಸೆಸರನ್ನು ಈ ತಿದ್ದುಪಡಿ ಮತ್ತೆ ಸರಿಮಾಡುವುದಿಲ್ಲ.

ಒಂದು ಕಡೆ ಬಡಿಸಿದವರು, ಇನ್ನೊಂದು ಕಡೆ ಕೇಳಿದವರು. ಇಬ್ಬರನ್ನೂ ಕೆಡಿಸಿದ್ದು ಪಟ್ಟಿಯಲ್ಲಿ ಇನ್ನೆರಡು ಅಂಕ ಮೇಲೇರುವ ಹಟವೆಂದೇ ನನ್ನ ಅನಿಸಿಕೆ. ಆ ಪಟ್ಟಿ ಬರೆಯುವ ವಿಮರ್ಶಕರಿಗೂ ಇದರಲ್ಲಿ ಪಾಲಿದೆ. "ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಿ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋದರೆ ಮದರ್‌ಬೋರ್ಡೇ ಕೆಲಸಕ್ಕೆ ಬಾರದಂತಾಗಬಹುದು. ಕರೆಂಟು ಹೋಗದ ಊರಿನಲ್ಲಿ ಕೂತು ಬರೆದವರಿಗೆ ಅದು ನೆನಪಾಗುವುದಾದರೂ ಹೇಗೆ? ನಮ್ಮಲ್ಲಿ ಮದ್ದು ಕುಡಿಯುವುದಕ್ಕೂ ಮೊದಲು ಯುಪಿಎಸ್ ಬೇಕು.

ಹುಡುಗಿಯ ಬಳಿ ಹಳೆಯ ಡಿಡಿಆರ್4 ಮೆಮೊರಿ ಇತ್ತು. ಇಂಟೆಲ್ಲಿನ ಎಲ್‌ಜಿಎ 1700 ಬೋರ್ಡುಗಳಲ್ಲಿ ಅದು ಹೊಂದುವಂಥವಿವೆ. ಎಎಂಡಿಯ ಎಎಂ5ಕ್ಕೆ ಡಿಡಿಆರ್5 ಮಾತ್ರ. ಆ ಉಳಿತಾಯ ಸಣ್ಣದಲ್ಲ. ಆದರೆ ಎಲ್‌ಜಿಎ 1700 ಮುಗಿದ ದಾರಿ, 2024ರ ಅಕ್ಟೋಬರಿನಲ್ಲಿ ಬಂದ ಇಂಟೆಲ್ ಪ್ರೊಸೆಸರುಗಳಿಗೆ ಬೇರೆಯೇ ಬೋರ್ಡು ಬೇಕು. ಎಎಂ5ಕ್ಕೆ 2027ರವರೆಗೂ, ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಐದಾರು ವರ್ಷ ನಡೆಯಬೇಕಾದ ಯಂತ್ರ. ನಾನು ಎಎಂ5 ಎಂದೆ. ಅದರಲ್ಲೂ 65 ವಾಟಿನ ಸಾಧಾರಣ ರೈಜೆನ್ 7600. ಬಯಾಸನ್ನು ಅಂಗಡಿಯಲ್ಲೇ, ನಮ್ಮ ಕಣ್ಣೆದುರಿಗೇ ಅಪ್‌ಡೇಟ್ ಮಾಡಿ, ಎಸ್‌ಓಸಿ ವೋಲ್ಟೇಜು ತೋರಿಸಿದ ಮೇಲೆ ಹಣ ಕೊಡಬೇಕೆಂದೂ ಹೇಳಿದೆ.

ಗಾಜಿನ ಬಾಗಿಲಿನ, ಬಣ್ಣದ ದೀಪಗಳ ಕ್ಯಾಬಿನೆಟ್ಟು ಬೇಡವೆಂದಾಗ ಮಾತ್ರ ಅವಳ ಮುಖ ಸಣ್ಣದಾಯಿತು. ಆ ದುಡ್ಡಿಗೆ ಯುಪಿಎಸ್ ಬಂತು.