ನಂಬಲಾಗದ ನಿರೂಪಕನೂ ನಂಬಲಾಗದ ದಾಖಲೆಯೂ: ‘ಐ ಆಮ್ ದಿ ಚೀಸ್’ ಕಾದಂಬರಿಯ ವಿಮರ್ಶೆ

ಕಥೆ ಹೇಳುವವನ ಮಾತನ್ನು ವಾಚಕನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಕಥನಕಲೆಯ ಹಳೆಯ ಪ್ರಶ್ನೆ. ಅಮೆರಿಕದ ವಿಮರ್ಶಕ ವೇಯ್ನ್ ಬೂತನು 1961ರಲ್ಲಿ ಪ್ರಕಟಿಸಿದ ‘ದಿ ರೆಟರಿಕ್ ಆಫ್ ಫಿಕ್ಷನ್’ ಎಂಬ ಗ್ರಂಥದಲ್ಲಿ ಇದಕ್ಕೊಂದು ಪರಿಭಾಷೆಯನ್ನು ಒದಗಿಸಿದನು. ಕೃತಿಯ ಒಟ್ಟು ಮೌಲ್ಯಗಳಿಗೆ ಅನುಗುಣವಾಗಿ ನುಡಿದು ನಡೆಯುವವನು ವಿಶ್ವಾಸಾರ್ಹ ನಿರೂಪಕ. ಅವುಗಳಿಂದ ದೂರ ಸರಿದವನು ಅವಿಶ್ವಾಸಾರ್ಹ ನಿರೂಪಕ. ತರುಣರಿಗಾಗಿ ಬರೆದ ಮನೋವೈಜ್ಞಾನಿಕ ರೋಮಾಂಚಕ ಕಾದಂಬರಿಗಳಲ್ಲಿ ಈ ಎರಡನೆಯ ಬಗೆಯವನು ಇಂದು ಬಹಳವಾಗಿ ಕಾಣಬರುತ್ತಾನೆ. ಇದು ಬರಿಯ ಚಮತ್ಕಾರವೋ, ಅಥವಾ ಬೇರೆ ವಿಧದಿಂದ ಹೇಳಲಾಗದ ಅರ್ಥವೊಂದು ಇದರಿಂದ ಸಿದ್ಧಿಸುವುದೋ ಎಂಬುದನ್ನು ರಾಬರ್ಟ್ ಕಾರ್ಮಿಯರನ ‘ಐ ಆಮ್ ದಿ ಚೀಸ್’ (1977) ಎಂಬ ಕಾದಂಬರಿಯ ಆಧಾರದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಕಾರ್ಮಿಯರನು (1925–2000) ಮ್ಯಾಸಚೂಸೆಟ್ಸ್ ಪ್ರಾಂತದ ಲೆಮಿನ್‌ಸ್ಟರ್ ಊರಿನವನು. ಬಹುಕಾಲ ವೃತ್ತಪತ್ರಿಕೆಯ ವರದಿಗಾರನಾಗಿದ್ದವನು. ಪ್ರಸ್ತುತ ಕೃತಿಯಲ್ಲಿ ಮೂರು ಎಳೆಗಳಿವೆ. ಮೊದಲನೆಯದರಲ್ಲಿ ಆಡಮ್ ಫಾರ್ಮರ್ ಎಂಬ ಹುಡುಗನು ತಂದೆಯನ್ನು ಕಾಣಲು ಮಾನ್ಯುಮೆಂಟ್ ಎಂಬ ಊರಿನಿಂದ ವರ್ಮಾಂಟಿನ ರಟರ್‌ಬರ್ಗಿಗೆ ಬೈಸಿಕಲ್ಲಿನಲ್ಲಿ ಹೊರಟಿದ್ದಾನೆ. ಇದನ್ನು ಅವನೇ ವರ್ತಮಾನಕಾಲದಲ್ಲಿ ಹೇಳುತ್ತಾನೆ. ಎರಡನೆಯದು ಬ್ರಿಂಟ್ ಎಂಬವನು ಅವನನ್ನು ಪ್ರಶ್ನಿಸಿದ ಸಂಭಾಷಣೆಯ ಧ್ವನಿಮುದ್ರಿಕೆಗಳ ಲಿಖಿತ ಪ್ರತಿ. ಮೂರನೆಯದು ಪ್ರಥಮಪುರುಷದಲ್ಲಿ ಹೇಳಿದ ಅವನ ಪೂರ್ವವೃತ್ತಾಂತ. ಅವನ ನಿಜನಾಮ ಪಾಲ್ ಡೆಲ್‌ಮಾಂಟೆ. ವರದಿಗಾರನಾಗಿದ್ದ ತಂದೆಯು ರಾಜಕೀಯದ ಭ್ರಷ್ಟಾಚಾರವನ್ನು ಕುರಿತು ಸಾಕ್ಷ್ಯ ನುಡಿದುದರಿಂದ ಪ್ರಾಣಾಪಾಯಕ್ಕೆ ಸಿಕ್ಕಿ, ಸರ್ಕಾರ ಕೊಟ್ಟ ಹೊಸ ಹೆಸರಿನಲ್ಲಿ ಸಂಸಾರಸಮೇತನಾಗಿ ಅಡಗಿ ಬಾಳಿದನು. ಅಮೆರಿಕದಲ್ಲಿ ಸಾಕ್ಷಿಗಳ ರಕ್ಷಣೆಗೆ 1970ರ ಶಾಸನವೊಂದು ಅವಕಾಶ ಕಲ್ಪಿಸಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ಹುಡುಗನಿಗೆ ಇದಾವುದೂ ತಿಳಿಯದು. ತನ್ನ ಹೆಸರಿನಲ್ಲಿ ಬೇರೆ ಬೇರೆ ತಾರೀಖಿನ ಎರಡು ಜನನಪತ್ರಗಳು ಕಣ್ಣಿಗೆ ಬಿದ್ದಾಗ ಅವನ ಸಂದೇಹ ಬಲಿಯುತ್ತದೆ.

ಕೊನೆಯಲ್ಲಿ ತಿಳಿಯಬರುವುದೇನೆಂದರೆ, ಆ ಪ್ರಯಾಣವು ಎಂದೂ ನಡೆಯಲೇ ಇಲ್ಲ. ತಂದೆತಾಯಿಗಳ ಮೇಲೆ ವಾಹನ ಹಾಯಿಸಿದುದನ್ನು ಕಂಡ ಹುಡುಗನು ಆಸ್ಪತ್ರೆಯೊಂದರಲ್ಲಿ ಬಂದಿಯಾಗಿದ್ದು, ಅದರ ಆವರಣದೊಳಗೇ ಬೈಸಿಕಲ್ಲಿನಲ್ಲಿ ಸುತ್ತುತ್ತಿದ್ದಾನೆ. ದಾರಿಯಲ್ಲಿ ಕಂಡ ದುಷ್ಟರೂ ಶಿಷ್ಟರೂ ಆ ಆಸ್ಪತ್ರೆಯ ನಿವಾಸಿಗಳೇ. ಹಾಗಾದರೆ ಗ್ರಂಥಕರ್ತನು ನಮಗೆ ಮೋಸ ಮಾಡಿದನೆ? ಹಾಗೆಂದು ಹೇಳಲಾಗದು. ಗೆಳತಿ ಏಮಿಯ ಮನೆಗೆ ಆಡಮನು ದೂರವಾಣಿಯಲ್ಲಿ ಕರೆದಾಗ ಅಪರಿಚಿತನೊಬ್ಬನು ಉತ್ತರಿಸಿ, ಆ ಸಂಖ್ಯೆ ಮೂರು ವರ್ಷಗಳಿಂದ ತನ್ನದೆನ್ನುತ್ತಾನೆ. ಹಿಂದಿನ ಬೇಸಗೆಯಲ್ಲಿ ತಂಗಿದ್ದೆವೆಂದು ಅವನು ನಂಬಿದ ವಸತಿಗೃಹವು ವರ್ಷಗಳ ಹಿಂದೆಯೇ ಮುಚ್ಚಿಹೋಗಿದೆ. ಸುಳುಹುಗಳೆಲ್ಲ ನಮ್ಮ ಕಣ್ಣೆದುರಿಗೇ ಇವೆ. ಹುಡುಗನ ಮೇಲಣ ಮರುಕದಿಂದ ನಾವು ಅವನ್ನು ಗಣನೆಗೆ ತಂದುಕೊಳ್ಳುವುದಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಆಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ಕೃತಿಯ ನಿರೂಪಕನು ಸತ್ಯವನ್ನು ಬಲ್ಲವನು, ಬೇಕೆಂದೇ ಮರೆಮಾಡುವವನು. ಅವನ ವಂಚನೆ ಬಯಲಾದೊಡನೆ ಕುತೂಹಲವು ತೃಪ್ತಿಹೊಂದುತ್ತದೆ. ಇ. ಲಾಕ್‌ಹಾರ್ಟಳ ‘ವಿ ವರ್ ಲೈಯರ್ಸ್’ (2014) ಕಾದಂಬರಿಯ ತರುಣಿಯು ಮರೆತವಳು. ಸ್ಮರಣೆ ಮರಳಿದಾಗ ಗಂಟು ಸಡಿಲುತ್ತದೆ. ಆಡಮನಾದರೋ ಸತ್ಯವನ್ನು ಮುಟ್ಟಿದೊಡನೆಯೇ ಮತ್ತೆ ಕಳೆದುಕೊಳ್ಳುತ್ತಾನೆ. ಕೃತಿಯು ತಾನು ಆರಂಭವಾದ ಕಡೆಗೇ ತಿರುಗಿ ಬರುತ್ತದೆ. ಭಯಾನಕದಿಂದ ತೊಡಗಿದ ಕಥೆ ಹೀಗೆ ಕರುಣದಲ್ಲಿ ನಿಲ್ಲುತ್ತದೆ. ಸಹೃದಯನು ಎರಡನೆಯ ಸಲ ಓದುವಾಗ ಕುತೂಹಲ ಉಳಿಯದು, ಆದರೆ ಮರುಕವು ಹೆಚ್ಚುವುದು. ಚಮತ್ಕಾರಕ್ಕಾಗಿಯೇ ಬರೆದ ಕೃತಿಗೆ ಈ ಭಾಗ್ಯವಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕೃತಿಯಲ್ಲಿ ಅತ್ಯಂತ ವಿಶ್ವಾಸಾರ್ಹವೆಂದು ತೋರುವ ಭಾಗವು ಧ್ವನಿಮುದ್ರಿಕೆಯ ಪ್ರತಿ. ಅದರಲ್ಲಿ ವರ್ಣನೆಯಿಲ್ಲ, ಭಾವವಿಲ್ಲ. ಕ್ರಮಸಂಖ್ಯೆ ಉಂಟು, ವೇಳೆ ಉಂಟು. ಆದರೆ ತಾರೀಖನ್ನು ಮಾತ್ರ ಅಳಿಸಲಾಗಿದೆ! ವೈದ್ಯನಂತೆ ಮಾತನಾಡುವ ಬ್ರಿಂಟನಿಗೆ ಬೇಕಾದುದು ರೋಗಿಯ ಸ್ವಾಸ್ಥ್ಯವಲ್ಲ, ತಂದೆಯು ಮಗನಿಗೆ ಯಾವ ರಹಸ್ಯವನ್ನು ಹೇಳಿದ್ದನೆಂಬ ಸಂಗತಿ. ಕಡೆಯ ವರದಿಯು ಇದು ಮೂರನೆಯ ವಾರ್ಷಿಕ ವಿಚಾರಣೆಯೆಂದು ತಿಳಿಸಿ, ಹುಡುಗನನ್ನು ಅಕ್ಷರವೊಂದರಿಂದ ಮಾತ್ರ ಗುರುತಿಸಿ, ಅವನು ಇಲ್ಲವಾಗುವವರೆಗೂ ಬಂಧನ ಮುಂದುವರಿಯಲೆಂದು ಸೂಚಿಸುತ್ತದೆ. ಆದಕಾರಣ ಆಡಮನು ಬ್ರಿಂಟನಿಂದ ಕೆಲವನ್ನು ಬಚ್ಚಿಡುವುದು ದೋಷವಲ್ಲ, ಆತ್ಮರಕ್ಷಣೆ. ಅವನು ನಂಬಲಾಗದವನಾದುದು ತನ್ನ ದುಃಖದ ದೆಸೆಯಿಂದ. ದಾಖಲೆಯು ನಂಬಲಾಗದುದಾದುದು ಅಧಿಕಾರದ ದೆಸೆಯಿಂದ. ಬೂತನ ಲಕ್ಷಣದಂತೆ ಕೃತಿಯ ಮೌಲ್ಯಕ್ಕೆ ಹತ್ತಿರವಿರುವವನು ಭ್ರಮಿಸಿದ ಹುಡುಗನೇ ಹೊರತು ನಿಖರವಾದ ವರದಿಯಲ್ಲ. ವರದಿಗಾರನಾಗಿದ್ದವನು ವರದಿಯನ್ನೇ ಹೀಗೆ ಶಂಕಿಸಿದುದು ಸಾಮಾನ್ಯವಾದ ಸಾಹಸವಲ್ಲ.

ಕೃತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ಪ್ರಥಮಪುರುಷದ ಭಾಗವು ಯಾರ ವಾಣಿಯೆಂಬುದು ಸ್ಪಷ್ಟವಾಗುವುದಿಲ್ಲ: ಆಡಮನ ಸ್ಮೃತಿಯೆ, ಗ್ರಂಥಕರ್ತನ ನಿರೂಪಣೆಯೆ? ಸ್ಮೃತಿಯಾದರೆ ಅದನ್ನೂ ಶಂಕಿಸಬೇಕು. ನಿರೂಪಣೆಯಾದರೆ ಉಳಿದೆರಡು ಎಳೆಗಳ ಶಂಕೆಯನ್ನು ಅದು ಸುಲಭವಾಗಿ ಪರಿಹರಿಸಿಬಿಡುತ್ತದೆ. ಏಮಿಯ ಪಾತ್ರವೂ ತೆಳುವಾಗಿದೆ.

ಉಪಾಧ್ಯಾಯರಿಗೆ ಸಂಬಂಧಿಸಿದ ಪ್ರಶ್ನೆಯೊಂದು ಉಳಿಯುತ್ತದೆ. ಭರವಸೆಯ ಸೊಲ್ಲೇ ಇಲ್ಲದ ಇಂಥ ಕೃತಿಯನ್ನು ಎಳೆಯರ ಕೈಗೆ ಕೊಡಬಹುದೆ? 1986ರಲ್ಲಿ ಫ್ಲಾರಿಡಾ ಪ್ರಾಂತದ ಬೇ ಕೌಂಟಿಯಲ್ಲಿ ಆಕ್ಷೇಪಣೆಯ ಮೇಲೆ ಇದನ್ನು ಶಾಲೆಯ ಪಾಠದಿಂದ ತೆಗೆದು, ಆ ವಿವಾದವು ನ್ಯಾಯಾಲಯದವರೆಗೂ ಹೋಯಿತು. ಕಾರ್ಮಿಯರನು ಏಮಿಯ ದೂರವಾಣಿಯೆಂದು ಕಾದಂಬರಿಯಲ್ಲಿ ಕೊಟ್ಟ ಸಂಖ್ಯೆ ಅವನ ಸ್ವಂತ ಮನೆಯದು. ಅನೇಕ ತರುಣ ವಾಚಕರು ಅದಕ್ಕೆ ಕರೆದು ಅವನೊಡನೆ ಮಾತನಾಡಿದರು. ಕೃತಿಯೊಳಗೆ ಆಡಮನ ಕರೆಗೆ ದೊರೆಯದ ಉತ್ತರವು ಕೃತಿಯ ಹೊರಗೆ ವಾಚಕರಿಗೆ ದೊರೆಯಿತು. ಹುಸಿಯಾದ ಸಮಾಧಾನವನ್ನು ಹೇಳಲೊಲ್ಲದ ಗ್ರಂಥಕರ್ತನು ವಾಚಕನನ್ನು ನಿರಾಶೆಯಲ್ಲಿ ಒಂಟಿಯಾಗಿ ಬಿಡುವವನೆಂದು ತಿಳಿಯಬೇಕಾಗಿಲ್ಲ. ಮುದ್ರೆಯೊತ್ತಿದ ಕಾಗದವೆಲ್ಲ ಸತ್ಯವಲ್ಲ, ತಡವರಿಸಿದ ಮಾತೆಲ್ಲ ಸುಳ್ಳಲ್ಲ ಎಂಬ ವಿವೇಕವನ್ನು ತರುಣನು ಕಲಿಯಬೇಕಾದರೆ, ಉಪಾಧ್ಯಾಯನು ಜೊತೆಗಿದ್ದು ಇದನ್ನು ಓದಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.